ಬೆರಳುಗಳ ನಡುವಿನ ಜಾಗ

ಕಳೆದ ದೀಪಾವಳಿಗೆ ಮುಂಚಿನ ಒಂದು ಶನಿವಾರ ಮಗಳು ಪ್ರಾಕ್ಟೀಸು ಮುಗಿಸಿ ಮನೆಗೆ ಬಂದಾಗ ಬಲಗೈಯ ಉಂಗುರದ ಬೆರಳು ಪುಟ್ಟ ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಹನ್ನೆರಡು ವರ್ಷದವಳು. ವಡೋದರಾದಲ್ಲಿ ನಮ್ಮ ಮನೆಯ ಹತ್ತಿರದ ಒಂದು ಅಕಾಡೆಮಿಯಲ್ಲಿ ವಿಕೆಟ್ ಕೀಪಿಂಗ್ ಕಲಿಯುತ್ತಾಳೆ. ಇದೇ ಊರಿನ ಯಾಸ್ತಿಕಾ ಭಾಟಿಯಾ ಭಾರತ ತಂಡಕ್ಕೆ ಕೀಪಿಂಗ್ ಮಾಡಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಹಿಡಿದ ಹುಚ್ಚು ಅದು. ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ರಾತ್ರಿ ಧಾರವಾಡದಿಂದ ಫೋನು ಮಾಡಿದ ಅವ್ವ ಮಾತ್ರ ನನ್ನನ್ನು ಸುಮ್ಮನೆ ಬಿಡಲಿಲ್ಲ. "ಕಲ್ಲಿನಂಥಾ ಚೆಂಡ ಹಿಡಿಯಾಕ ಆ ಕೂಸಿನ್ನ ಯಾಕ ನಿಲ್ಲಿಸಿದಿ? ಛಲೋ ಗ್ಲೌಸರ ಕೊಡಸಬೇಕೋ ಬ್ಯಾಡೋ?"

ಮರುದಿನವೇ ಆನ್‌ಲೈನಿನಲ್ಲಿ ಹುಡುಕಿ ಒಂದು ಜೊತೆ ಗ್ಲೌಸ್ ತರಿಸಿದೆ. ದಪ್ಪ ಮೆತ್ತೆ ಇತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಆಳವಾದ, ಜೋಲುವ ಜಾಲ. ಬೆರಳು ವಾಸಿಯಾಗಿ ಮೈದಾನಕ್ಕೆ ಹೋದ ಮೊದಲ ವಾರ ಮಗಳು ಒಂದು ಚೆಂಡನ್ನೂ ಬಿಡಲಿಲ್ಲ. ಬಂದದ್ದೆಲ್ಲ ಜಾಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಎರಡನೇ ವಾರ ಅವಳ ಕೋಚ್ ಗ್ಲೌಸನ್ನು ಕೈಗೆ ತಗೊಂಡರು, ಅದರ ಹೆಬ್ಬೆರಳನ್ನು ಪೂರ್ತಿ ಚಾಚಿ ನೋಡಿದರು, ನನಗೇ ವಾಪಸು ಕೊಟ್ಟರು. "ಯೆ ನಹೀ ಚಲೇಗಾ, ಸಾಹೇಬ್. ಯೆ ಗ್ಲೌಸ್ ನಹೀ, ಟೋಪ್ಲಿ ಹೈ." ಟೋಪ್ಲಿ ಎಂದರೆ ಗುಜರಾತಿಯಲ್ಲಿ ಬುಟ್ಟಿ.

ನನಗೆ ಸಿಟ್ಟು ಬಂತು. ಮಗುವಿನ ಬೆರಳು ಮುರಿದರೂ ಪರವಾಗಿಲ್ಲ, ನಿಯಮ ಉಳಿಯಬೇಕು ಅಂದರೆ ಯಾವ ನ್ಯಾಯ? ಎರಡು ದಶಕ ಸಾಫ್ಟ್‌ವೇರ್ ಕೆಲಸದಲ್ಲಿ ಕಳೆದವನು ನಾನು. ಒಳ್ಳೆಯ ಸಲಕರಣೆ ಸಿಕ್ಕರೆ ಅದನ್ನು ಬಳಸದಿರುವುದು ಮೂರ್ಖತನ ಎಂದು ತಂಡದ ಹುಡುಗರಿಗೆ ದಿನವೂ ಹೇಳುವವನು. ಕೋಚ್ ಜೊತೆ ವಾದ ಮಾಡುವುದಕ್ಕೆ ಬೇಕಾದ ಸರಕು ಸಿಗಲಿ ಎಂದೇ ಈ ಗ್ಲೌಸಿನ ಚರಿತ್ರೆ ಓದಲು ಕೂತೆ.

ಚರಿತ್ರೆಯ ಮೊದಲ ಪುಟ ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲೇ ಇತ್ತು. ಭಾರತದ ನೆಲದಲ್ಲಿ ಕ್ರಿಕೆಟ್ ಆಡಿದ ಮೊದಲ ದಾಖಲೆ 1721ರದು. ಜಾಗ, ಖಂಭಾತ್. ಈಸ್ಟ್ ಇಂಡಿಯಾ ಕಂಪನಿಯ ಹಡಗಿನವರು ಅಲ್ಲಿ ಲಂಗರು ಹಾಕಿದ್ದಾಗ ಹೊತ್ತು ಹೋಗಲೆಂದು ದಡದಲ್ಲಿ ಕ್ರಿಕೆಟ್ ಆಡುತ್ತಿದ್ದರೆಂದು ಕ್ಲೆಮೆಂಟ್ ಡೌನಿಂಗ್ ಎಂಬ ನಾವಿಕ ಬರೆದಿಟ್ಟಿದ್ದಾನೆ. ಆಗ ಗ್ಲೌಸೂ ಇಲ್ಲ, ಪ್ಯಾಡೂ ಇಲ್ಲ. ಚೆಂಡನ್ನು ಸೊಂಟದ ಕೆಳಗಿನಿಂದ ಎಸೆಯುತ್ತಿದ್ದ ಕಾಲ. ಬರಿಗೈ ಸಾಕಾಗುತ್ತಿತ್ತು.

ಕೈಗೆ ಕಷ್ಟ ಬಂದದ್ದು ಬೌಲರನ ತೋಳು ಮೇಲಕ್ಕೇರಿದಾಗ. 1835ರಲ್ಲಿ ಭುಜದ ಮಟ್ಟದವರೆಗೆ ಕೈಯೆತ್ತಿ ಎಸೆಯಬಹುದೆಂಬ ನಿಯಮ ಬಂತು. 1864ರಲ್ಲಿ ತಲೆಯ ಮೇಲಿಂದಲೂ ಎಸೆಯಬಹುದು ಎಂದಾಯಿತು. ಚೆಂಡಿನ ವೇಗ ಏರಿತು, ಪಿಚ್ಚುಗಳೋ ಉಬ್ಬುತಗ್ಗಿನವು. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಕೀಪರ್‌ಗಳು ಚರ್ಮದ ಕೈಗವಸು ಹಾಕಿಕೊಳ್ಳಲು ಶುರುಮಾಡಿದರು. ಅಷ್ಟಾದರೂ ಕೀಪರ್ ಬಿಟ್ಟ ಚೆಂಡನ್ನು ತಡೆಯಲು ಅವನ ಬೆನ್ನ ಹಿಂದೆ ಇನ್ನೊಬ್ಬ ನಿಲ್ಲಬೇಕಿತ್ತು. ಆ ಜಾಗಕ್ಕೆ ಲಾಂಗ್ ಸ್ಟಾಪ್ ಎಂದು ಹೆಸರು. ಅದನ್ನು ಬೇಡವಾಗಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಆಸ್ಟ್ರೇಲಿಯಾದ ಜಾಕ್ ಬ್ಲ್ಯಾಕ್‌ಹ್ಯಾಮ್‌ಗೆ ಕೊಡುತ್ತಾರೆ. 1877ರ ಮೊಟ್ಟಮೊದಲ ಟೆಸ್ಟಿನ ಕೀಪರ್ ಅವನು. ತನ್ನ ನೆಚ್ಚಿನ ಕೀಪರ್ ಮರ್ಡಾಕ್ ಬದಲು ಬ್ಲ್ಯಾಕ್‌ಹ್ಯಾಮ್‌ನನ್ನು ಆರಿಸಿದರೆಂದು ವೇಗದ ಬೌಲರ್ ಸ್ಪಾಫರ್ತ್ ಆ ಪಂದ್ಯವನ್ನೇ ಆಡಲಿಲ್ಲ. ಆ ಬ್ಲ್ಯಾಕ್‌ಹ್ಯಾಮ್ ವೇಗದ ಬೌಲರುಗಳಿಗೂ ಸ್ಟಂಪಿಗೆ ಅಂಟಿಕೊಂಡಂತೆ ನಿಲ್ಲುತ್ತಿದ್ದ. ಅವನ ಗ್ಲೌಸ್ ತೋಟದ ಕೆಲಸದವರ ಕೈಗವಸಿಗಿಂತ ಹೆಚ್ಚೇನೂ ದಪ್ಪವಿರಲಿಲ್ಲ. ಲಾಂಗ್ ಸ್ಟಾಪ್‌ನನ್ನು ಮನೆಗೆ ಕಳಿಸಿದ್ದು ಗ್ಲೌಸಲ್ಲ, ಅದರೊಳಗಿನ ಕೈ.

ಇದನ್ನು ಓದಿದ ಮೇಲೆ ನಾನು ಕಾಗದ ತಗೊಂಡು ಸಣ್ಣ ಲೆಕ್ಕ ಹಾಕಿದೆ. ಎಂಟೆಕ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ! ಚೆಂಡಿನ ತೂಕ 160 ಗ್ರಾಂ, ಕೀಪರನ ಕೈಗೆ ಬರುವಾಗ ವೇಗ ಸೆಕೆಂಡಿಗೆ 30 ಮೀಟರ್ ಅಂದುಕೊಳ್ಳಿ. ಅದರ ಚಲನಶಕ್ತಿ 72 ಜೂಲ್. ಕೈಯನ್ನು ಗೋಡೆಯ ಹಾಗೆ ಗಟ್ಟಿ ಹಿಡಿದು 3 ಸೆಂಟಿಮೀಟರಿನಲ್ಲಿ ಚೆಂಡನ್ನು ನಿಲ್ಲಿಸಿದರೆ ಅಂಗೈ ಮೇಲೆ ಬೀಳುವ ಸರಾಸರಿ ಬಲ 2,400 ನ್ಯೂಟನ್, ಅಂದರೆ ಸುಮಾರು 240 ಕಿಲೋ ಭಾರ. ಅದೇ ಚೆಂಡಿನ ಜೊತೆಜೊತೆಗೆ ಕೈಯನ್ನು 30 ಸೆಂಟಿಮೀಟರ್ ಹಿಂದಕ್ಕೆ ಬಿಟ್ಟುಕೊಟ್ಟರೆ ಬಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಯಾವ ಮೆತ್ತೆಯೂ ಇಷ್ಟು ದೊಡ್ಡ ವ್ಯತ್ಯಾಸ ಮಾಡಲಾರದು. ಮೆತ್ತೆ ಒಂದೆರಡು ಸೆಂಟಿಮೀಟರ್ ಕೊಟ್ಟೀತು, ಉಳಿದದ್ದನ್ನು ಮೊಣಕೈ ಕೊಡಬೇಕು. ಮಗಳ ಬೆರಳು ಊದಿದ್ದಕ್ಕೆ ಕಾರಣ ತೆಳು ಗ್ಲೌಸಲ್ಲ, ಚೆಂಡಿಗೆ ಎದುರಾಗಿ ಮುಂದಕ್ಕೆ ಚುಚ್ಚುವ ಅವಳ ಕೈ ಎಂದು ಕೋಚ್ ಮೊದಲೇ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಹಾಗಿದ್ದರೂ ಜಾಲದ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಕ್ರಿಕೆಟ್ಟಿನ ದಾಯಾದಿ ಆಟ ಬೇಸ್‌ಬಾಲಿನಲ್ಲಿ.

ಬೇಸ್‌ಬಾಲನ್ನೂ ಮೊದಲಿಗೆ ಬರಿಗೈಯಲ್ಲೇ ಆಡುತ್ತಿದ್ದರು. 1870ರಲ್ಲಿ ಸಿನ್ಸಿನಾಟಿಯ ಕ್ಯಾಚರ್ ಡಗ್ ಆಲಿಸನ್ ಗಾಯವಾದ ಕೈಗೆ ಜಿಂಕೆ ಚರ್ಮದ ಗವಸು ಹಾಕಿಕೊಂಡ. 1875ರಲ್ಲಿ ಸೇಂಟ್ ಲೂಯಿಸ್‌ನ ಚಾರ್ಲ್ಸ್ ವೇಟ್ ಮೈಬಣ್ಣದ ಗ್ಲೌಸ್ ಹಾಕಿದ. ಜನ ನೋಡಿ ನಗದಿರಲಿ ಎಂದು ಆ ಬಣ್ಣ. ಆದರೂ ನಕ್ಕರು. ಕೆಲವೇ ವರ್ಷಗಳಲ್ಲಿ ಆ ನಾಚಿಕೆ ಹೋಯಿತು, ಎಲ್ಲರೂ ಹಾಕಿಕೊಳ್ಳತೊಡಗಿದರು. ಅಲ್ಲಿಯವರೆಗೂ ಅದು ಕೈ ಕಾಯುವ ವಸ್ತುವಷ್ಟೇ. 1920ರ ಸುಮಾರಿಗೆ ಸೇಂಟ್ ಲೂಯಿಸ್‌ನ ಇನ್ನೊಬ್ಬ ಆಟಗಾರ, ಪಿಚರ್ ಬಿಲ್ ಡೋಕ್, ರಾಲಿಂಗ್ಸ್ ಕಂಪನಿಗೆ ಒಂದು ಸಲಹೆ ಕೊಟ್ಟ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮದ ದಾರಗಳನ್ನು ಹೆಣೆದರೆ ಅಲ್ಲೊಂದು ಗುಂಡಿಯಾಗುತ್ತದೆ, ಚೆಂಡು ಅದರಲ್ಲಿ ನಿಲ್ಲುತ್ತದೆ. ಇವತ್ತಿನ ಬೇಸ್‌ಬಾಲ್ ಗ್ಲೌಸುಗಳೆಲ್ಲ ಆ ಗುಂಡಿಯ ಸಂತಾನ. ಅಂಗೈಯಲ್ಲಿ ಹಿಡಿಯುತ್ತಿದ್ದ ಚೆಂಡನ್ನು ಆಮೇಲಾಮೇಲೆ ಜಾಲದಲ್ಲಿ ಹಿಡಿಯುವುದಾಯಿತು. 1960ರಲ್ಲಿ ಬಾಲ್ಟಿಮೋರ್ ತಂಡದ ಮ್ಯಾನೇಜರ್ ಪಾಲ್ ರಿಚರ್ಡ್ಸ್, ಗಾಳಿಯಲ್ಲಿ ಓಲಾಡುತ್ತ ಬರುವ ಹಾಯ್ಟ್ ವಿಲ್ಹೆಲ್ಮ್‌ನ ಚೆಂಡುಗಳನ್ನು ಹಿಡಿಯಲಾಗದ ಕ್ಯಾಚರನಿಗೆ ಮೊರದಗಲದ ಗ್ಲೌಸನ್ನೇ ಮಾಡಿಸಿಕೊಟ್ಟ. ಆಮೇಲೆ ಬೇಸ್‌ಬಾಲಿನವರೂ ಕ್ಯಾಚರನ ಗ್ಲೌಸಿನ ಸುತ್ತಳತೆ 38 ಇಂಚು ಮೀರಬಾರದೆಂದು ಗೆರೆ ಎಳೆದರು.

ಕ್ರಿಕೆಟ್ ಆ ಗೆರೆಯನ್ನು ಇನ್ನೂ ಬಹಳ ಈಚೆಗೆ ಎಳೆದುಕೊಂಡಿದೆ. ಹನ್ನೊಂದು ಜನರಲ್ಲಿ ಗ್ಲೌಸ್ ಹಾಕಬಹುದಾದವರು ಒಬ್ಬರೇ. ಕೀಪರ್ ಗ್ಲೌಸಿನ ಜಾಲವೂ ಮೆಲ್ಲಮೆಲ್ಲಗೆ ಹಿಗ್ಗುತ್ತಿದ್ದಾಗ, 2000ದ ನಿಯಮಾವಳಿಯಲ್ಲಿ ಎಂಸಿಸಿ ಅದರ ಅಳತೆಯನ್ನು ಮಾತಿನಲ್ಲಿ ಹಿಡಿದಿಟ್ಟಿತು. ಜಾಲ ಇರಬಹುದಾದ್ದು ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಮಾತ್ರ. ಅದು ಹಿಗ್ಗದ ಒಂದೇ ತುಂಡಾಗಿರಬೇಕು, ಮಡಿಕೆ ಇರಬಾರದು. ಅದರ ಮೇಲಂಚು ಎರಡೂ ಬೆರಳುಗಳ ತುದಿ ಸೇರಿಸುವ ಸರಳರೇಖೆಯನ್ನು ದಾಟಬಾರದು. ಹೆಬ್ಬೆರಳನ್ನು ಪೂರ್ತಿ ಚಾಚಿದಾಗ ಜಾಲ ಬಿಗಿಯಾಗಿ ನಿಲ್ಲಬೇಕು, ಜೋಲಬಾರದು. ಕೋಚ್ ನನ್ನ ಮುಂದೆ ಗ್ಲೌಸಿನ ಹೆಬ್ಬೆರಳು ಚಾಚಿ ನೋಡಿದ್ದು ಇದನ್ನೇ. ಕೈ ಕಾಯುವುದಕ್ಕೆ ಏನು ಬೇಕಾದರೂ ಹಾಕಿಕೋ, ಹಿಡಿಯುವ ಕೆಲಸ ಮಾತ್ರ ನಿನ್ನದೇ ಆಗಿರಲಿ ಎನ್ನುವುದು ಈ ನಿಯಮದ ತಿರುಳು.

ಈ ತಿರುಳನ್ನು ನಮ್ಮ ಕರ್ನಾಟಕದ ಕೀಪರ್‌ಗಳು ನಿಯಮ ಓದದೆಯೇ ಬದುಕಿ ತೋರಿಸಿದ್ದರು. 1959ರ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ಅಹಮದಾಬಾದಿನ ಜಸೂ ಪಟೇಲ್ 14 ವಿಕೆಟ್ ಕಿತ್ತು ಭಾರತಕ್ಕೆ ಆಸ್ಟ್ರೇಲಿಯಾದ ಮೇಲೆ ಮೊದಲ ಗೆಲುವು ತಂದುಕೊಟ್ಟದ್ದು ಗುಜರಾತಿನವರಿಗೆ ಇಂದಿಗೂ ಹೆಮ್ಮೆ. ಆ ಪಂದ್ಯದ ಕೀಪರ್ ಮುಂಬೈಯ ನರೇನ್ ತಮ್ಹಾಣೆ. ಮುಂದಿನ ಟೆಸ್ಟಿಗೆ, 1960ರ ಜನವರಿಯಲ್ಲಿ ಮುಂಬೈಯಲ್ಲಿ, ಅವರ ಜಾಗಕ್ಕೆ ಬಂದವರು ಮೂಲ್ಕಿಯಲ್ಲಿ ಹುಟ್ಟಿದ ಇಪ್ಪತ್ತು ವರ್ಷದ ಬುಧಿ ಕುಂದರನ್. ಅಲ್ಲಿಯವರೆಗೆ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಸ್ವಂತದ್ದೊಂದು ಜೊತೆ ಕೀಪಿಂಗ್ ಗ್ಲೌಸೂ ಇರಲಿಲ್ಲ. ಗ್ಲೌಸ್ ಕೊಟ್ಟವರು ತಮ್ಹಾಣೆಯೇ, ಅಂದರೆ ಆ ಹುಡುಗನಿಗಾಗಿ ತಂಡದಲ್ಲಿ ಜಾಗ ಕಳೆದುಕೊಂಡವರು. ಕುಂದರನ್ ಮುಂದಿನ ಪಂದ್ಯದಲ್ಲೇ ಮದರಾಸಿನಲ್ಲಿ 71 ಹೊಡೆದರು. ನಾಲ್ಕು ವರ್ಷದ ಬಳಿಕ ಅದೇ ಊರಿನಲ್ಲಿ ಇಂಗ್ಲೆಂಡಿನ ಮೇಲೆ 192. ನಾನು ಎಂಟೆಕ್ ಓದಿದ್ದು ಸುರತ್ಕಲ್ಲಿನಲ್ಲಿ. ಮೂಲ್ಕಿ ಅಲ್ಲಿಂದ ಅದೇ ಹೆದ್ದಾರಿಯ ಮೇಲೆ ಅರ್ಧ ಗಂಟೆಯೂ ಇಲ್ಲ. ಎಷ್ಟೋ ಸಲ ಬಸ್ಸಿನಲ್ಲಿ ಅದನ್ನು ದಾಟಿ ಹೋಗಿದ್ದೇನೆ, ಆ ಹೆಸರು ಒಮ್ಮೆಯೂ ನೆನಪಾಗಿರಲಿಲ್ಲ.

ಸಯ್ಯದ್ ಕಿರ್ಮಾನಿ ಇನ್ನೊಂದು ಬಗೆ. ಹುಡುಗನಾಗಿದ್ದಾಗ ಬೀದಿ ಆಟದಲ್ಲಿ ಗ್ಲೌಸಿಲ್ಲದೆ ಕೈಯಲ್ಲಿ ಇಟ್ಟಿಗೆ ಹಿಡಿದು ಚೆಂಡು ತಡೆಯುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅದೇ ಕೈಗಳು 88 ಟೆಸ್ಟುಗಳಲ್ಲಿ 160 ಕ್ಯಾಚ್, 38 ಸ್ಟಂಪಿಂಗ್ ಮಾಡಿದವು. 1983ರ ವಿಶ್ವಕಪ್ಪಿನ ಅತ್ಯುತ್ತಮ ಕೀಪರ್ ಎನ್ನಿಸಿಕೊಂಡವು. ಆ ಫೈನಲ್ಲಿನಲ್ಲಿ ಸಂಧು ಎಸೆತಕ್ಕೆ ಬ್ಯಾಕಸ್ ಕೊಟ್ಟ ಕ್ಯಾಚನ್ನು ನೀವು ನೋಡಿರುತ್ತೀರಿ. ನಲವತ್ತು ವರ್ಷಗಳ ಬಳಿಕ, 2023ರ ನವೆಂಬರ್ 19ರಂದು, ಅಹಮದಾಬಾದಿನ ಫೈನಲ್ಲಿನಲ್ಲಿ ಭಾರತದ ಗ್ಲೌಸ್ ಹಾಕಿದ್ದವರೂ ಕನ್ನಡಿಗರೇ, ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್. ಬುಮ್ರಾ ಎಸೆತಕ್ಕೆ ಮಾರ್ಷ್ ಕೊಟ್ಟ ಕ್ಯಾಚ್ ಹಿಡಿದರು. ಪಂದ್ಯ ಮಾತ್ರ ನಮ್ಮದಾಗಲಿಲ್ಲ.

ಇನ್ನು ಬರೋಡಾ. 1986ರಿಂದ 2001ರವರೆಗೆ, ನಡುನಡುವೆ ಬೇರೆಯವರು ಬಂದುಹೋದರೂ, ಭಾರತದ ಕೀಪಿಂಗ್ ಗ್ಲೌಸ್ ಹೆಚ್ಚು ಕಾಲ ಇದ್ದದ್ದು ಈ ಊರಿನವರ ಕೈಯಲ್ಲೇ. ಮೊದಲು ಕಿರಣ್ ಮೋರೆ, ಆಮೇಲೆ ನಯನ್ ಮೋಂಗಿಯಾ. 1988ರ ಜನವರಿಯಲ್ಲಿ ಮದರಾಸಿನಲ್ಲಿ ನರೇಂದ್ರ ಹಿರ್ವಾನಿ ಮೊದಲ ಟೆಸ್ಟಿನಲ್ಲೇ 16 ವಿಕೆಟ್ ತೆಗೆದದ್ದು ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ಮೋರೆ ಆರು ಸ್ಟಂಪಿಂಗ್ ಮಾಡಿದರು, ಅದರಲ್ಲಿ ಐದು ಒಂದೇ ಇನಿಂಗ್ಸಿನಲ್ಲಿ. ಸ್ಟಂಪಿಂಗಿಗೆ ಜಾಲ ಸಹಾಯಕ್ಕೆ ಬರುವುದಿಲ್ಲ. ಚೆಂಡು ಎಲ್ಲಿದೆ ಎಂದು ಅಂಗೈಗೆ ಆ ಕ್ಷಣವೇ ತಿಳಿಯಬೇಕು, ಕೈ ಅದೇ ಓಟದಲ್ಲಿ ಬೇಲ್ಸಿನ ಕಡೆ ಹೋಗಬೇಕು.

ಅಹಮದಾಬಾದಿನ ಪಾರ್ಥಿವ್ ಪಟೇಲ್ ಕತೆ ಓದಿದಾಗ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಆರು ವರ್ಷದವರಿದ್ದಾಗ ಬಾಗಿಲಿಗೆ ಸಿಕ್ಕಿ ಅವರ ಎಡಗೈಯ ಕಿರುಬೆರಳು ಹೋಯಿತು. ಗ್ಲೌಸಿನ ಕೊನೆಯ ಬೆರಳಿನ ಕೊಳವೆಯೊಳಗೆ ತುಂಬಲು ಬೆರಳೇ ಇಲ್ಲ. ಹಾಗಾಗಿ ಅದನ್ನು ಟೇಪು ಸುತ್ತಿ ಬಿಗಿದು ಆಡುತ್ತಿದ್ದರು. 2002ರಲ್ಲಿ ಟ್ರೆಂಟ್‌ಬ್ರಿಜ್‌ನಲ್ಲಿ ಟೆಸ್ಟ್ ಆಡಿದಾಗ ವಯಸ್ಸು 17. ಟೆಸ್ಟ್ ಇತಿಹಾಸದ ಅತಿ ಕಿರಿಯ ಕೀಪರ್. 2017ರ ಜನವರಿಯಲ್ಲಿ ಗುಜರಾತಿಗೆ ಮೊದಲ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕರೂ ಅವರೇ. "ಒಂದು ಬೆರಳು ಇಲ್ಲದೇನಾ?" ಎಂದು ಮಗಳು ತನ್ನ ಎಡಗೈ ಕಿರುಬೆರಳನ್ನು ಮಡಿಸಿ ಬಹಳ ಹೊತ್ತು ನೋಡಿದಳು.

ಇಷ್ಟು ಹೊತ್ತಿಗೆ ಕೋಚ್ ಜೊತೆ ವಾದ ಮಾಡುವ ಆಸೆ ಹೋಗಿತ್ತು. ಆದರೆ ಓದು ಇನ್ನೊಂದು ಕಡೆಗೆ ಎಳೆದುಕೊಂಡು ಹೋಯಿತು. ಈ ಗ್ಲೌಸು, ಈ ಚೆಂಡು ಎರಡೂ ಚರ್ಮ. ಚರ್ಮ ಎಂದ ಕೂಡಲೇ ನಮ್ಮ ದೇಶದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಅದನ್ನು ಮುಟ್ಟಿದವರು ಯಾರು, ಅವರನ್ನು ಮುಟ್ಟದವರು ಯಾರು?

ನಮ್ಮ ಧಾರವಾಡದಲ್ಲೇ 1870ರ ದಶಕದಲ್ಲಿ ಪಾಲ್ವಣಕರ್ ಬಾಳೂ ಹುಟ್ಟಿದರು. ಭಾರತದ ಮೊದಲ ದೊಡ್ಡ ಸ್ಪಿನ್ ಬೌಲರ್. ಚರ್ಮಕಾರ ಸಮುದಾಯದವರು. ಪುಣೆಯ ಜಿಮ್ಖಾನದಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ನೆಲ ಸಮ ಮಾಡುವ, ಬಲೆ ಕಟ್ಟುವ ಕೆಲಸ ಮಾಡುತ್ತ, ಇಂಗ್ಲಿಷರಿಗೆ ನೆಟ್ಟಿನಲ್ಲಿ ಎಸೆಯುತ್ತ ಬೌಲರ್ ಆದವರು. ಹಿಂದೂಗಳ ತಂಡಕ್ಕೆ ಅವರ ವಿಕೆಟ್ ಬೇಕಿತ್ತು, ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಅವರು ಎಸೆದ ಅದೇ ಚೆಂಡನ್ನು ಮೇಲ್ಜಾತಿಯ ಕೀಪರ್ ಹಿಡಿಯುತ್ತಿದ್ದ, ಮರಳಿ ಅವರ ಕೈಗೇ ಎಸೆಯುತ್ತಿದ್ದ. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆ. 1911ರಲ್ಲಿ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ. 1923ರಲ್ಲಿ ಅದು ಸಿಕ್ಕಿದ್ದು ಅವರ ತಮ್ಮ ವಿಠ್ಠಲನಿಗೆ. ನಾನು ಧಾರವಾಡದಲ್ಲಿ ಇಪ್ಪತ್ತು ವರ್ಷ ಬೆಳೆದೆ, ಕೆಸಿಡಿ ಮೈದಾನದಲ್ಲಿ ಆಡಿದೆ. ಈ ಹೆಸರನ್ನು ನನಗೆ ಯಾರೂ ಹೇಳಿರಲಿಲ್ಲ.

ವಡೋದರಾದಲ್ಲಿ ನಾವು ಭಾನುವಾರ ಸಂಜೆ ಹೋಗುವ ಸಯಾಜಿಬಾಗಿನಲ್ಲಿ ಒಂದು ಆಲದ ಮರದ ಜಾಗವಿದೆ, ಸಂಕಲ್ಪ ಭೂಮಿ ಎನ್ನುತ್ತಾರೆ. ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಕಚೇರಿಯ ಜವಾನರು ಅವರನ್ನು ಮುಟ್ಟಬಾರದೆಂದು ಕಡತಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಉಳಿದುಕೊಂಡಿದ್ದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಎಲ್ಲೂ ಮನೆ ಸಿಗದೆ ಈ ಉದ್ಯಾನದಲ್ಲಿ ಕೂತು ರಾತ್ರಿಯ ಮುಂಬೈ ರೈಲಿಗೆ ಕಾದರು. ನೂರು ವರ್ಷ ಹಳೆಯ ಕತೆ ಎಂದುಕೊಳ್ಳೋಣವೆಂದರೆ, ನಾವು ಈ ರಾಜ್ಯಕ್ಕೆ ಬಂದ ವರ್ಷವೇ, 2016ರ ಜುಲೈಯಲ್ಲಿ, ಉನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಇವತ್ತಿಗೂ ಮೀರತ್ತಿನಲ್ಲಿ ಕ್ರಿಕೆಟ್ ಚೆಂಡಿಗೆ ಹೊಲಿಗೆ ಹಾಕುವವರಲ್ಲಿ ಬಹಳ ಮಂದಿ ದಲಿತರು. ಸೂಜಿ ಹಿಡಿಯುವ ಆ ಕೈಗಳಿಗೆ ಗ್ಲೌಸಿಲ್ಲ. ಮಗಳ ಒಂದು ಬೆರಳು ಊದಿದ್ದಕ್ಕೆ ಎಕ್ಸ್‌ರೇ ತೆಗೆಸಿದವನು ನಾನು. ಅವಳ ಕೈಗೆ ಬರುವ ಮೊದಲು ಆ ಚೆಂಡು ಯಾರ ಕೈಯಲ್ಲಿತ್ತು ಎಂದು ಕೇಳಿಕೊಂಡವನಲ್ಲ.

ಇದನ್ನೆಲ್ಲ ಮಗಳಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಬಾಳೂ ಕತೆ ಹೇಳಿದೆ. ಎಲ್ಲವನ್ನೂ ಸುಮ್ಮನೆ ಕೇಳಿ, "ಚಹಾ ಕಪ್ಪು ಮುಟ್ಟಬಾರದು, ಚೆಂಡು ಮುಟ್ಟಬಹುದು, ಅದೆಂಥಾ ರೂಲು?" ಅಂದಳು. ನನ್ನ ಬಳಿ ಉತ್ತರ ಇರಲಿಲ್ಲ.

ಅಹಮದಾಬಾದಿಗೆ ಆಫೀಸಿನ ಕೆಲಸಕ್ಕೆ ಹೋದಾಗ ಮಗಳನ್ನೂ ಕರೆದೊಯ್ದು ಅಂಗಡಿಯಲ್ಲಿ ಕೈಗೆ ಹಾಕಿಸಿ ನೋಡಿಯೇ ಹೊಸ ಗ್ಲೌಸ್ ಕೊಂಡೆ. ತೆಳು ಅಂಗೈ, ಅದರ ಮೇಲೆ ಟೇಬಲ್ ಟೆನಿಸ್ ಬ್ಯಾಟಿನಂತೆ ಗುಳ್ಳೆಗುಳ್ಳೆಯ ರಬ್ಬರು, ಬಿಗಿಯಾದ ಪುಟ್ಟ ಜಾಲ, ಒಳಗೆ ಹಾಕಿಕೊಳ್ಳಲು ಹತ್ತಿಯ ಇನ್ನರ್. ಕೋಚ್ ಎರಡು ತಿಂಗಳು ಅವಳಿಗೆ ಬೇರೇನೂ ಹೇಳಿಕೊಡಲಿಲ್ಲ. ಬೆರಳು ಕೆಳಗೆ, ಕೈ ಹಿಂದಕ್ಕೆ, ಅಷ್ಟೇ.

ಜನವರಿಯಲ್ಲಿ ಸೂರತ್ತಿನಲ್ಲಿ ಒಂದು ಪಂದ್ಯ ಇತ್ತು. ಹಿಂದಿನ ದಿನ ಅಲ್ಲೇ ಒಂದು ವಜ್ರದ ವ್ಯಾಪಾರಿಗಳ ಕಚೇರಿಯಲ್ಲಿ ನಮ್ಮ ಪ್ರಾಜೆಕ್ಟಿನ ಮೀಟಿಂಗು. ಹರಳು ಆರಿಸುವವರು ಬಿಳಿ ಕಾಗದದ ಮುಂದೆ ಚಿಮಟ ಹಿಡಿದು ಕೂತಿದ್ದರು. ಎಲ್ಲರದೂ ಬರಿಗೈ. ಮರುದಿನ ಪಂದ್ಯದಲ್ಲಿ ಮಗಳು ಒಂದು ಕ್ಯಾಚ್ ಬಿಟ್ಟಳು, ಎರಡು ಸಲ ಚೆಂಡು ಕಾಲ ನಡುವೆ ಹೋಗಿ ಬೈ ನಾಲ್ಕಾಯಿತು. ಒಂದು ಸ್ಟಂಪಿಂಗ್ ಮಾಡಿದಳು. ಆ ಹುಡುಗಿ ಕ್ರೀಸಿನಿಂದ ಹೊರಬಂದಿದ್ದು ಬೊಗಸೆಯಷ್ಟು ದೂರ. ತಂಡ ಸೋತಿತು.

ವಡೋದರಾಕ್ಕೆ ಮರಳುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಗ್ಲೌಸಿನ ಅಂಗೈಯನ್ನು ಎರಡೂ ಹೆಬ್ಬೆರಳಿನಿಂದ ಚಪಾತಿ ಹಿಟ್ಟಿನ ಹಾಗೆ ನಾದುತ್ತಿದ್ದಳು. ಹೀಗೆ ಮಾಡಿದರೆ ಚರ್ಮ ಮೆತ್ತಗಾಗುತ್ತದಂತೆ, ಕೋಚ್ ಹೇಳಿದ್ದು. ಕ್ಯಾಚ್ ಬಿಟ್ಟದ್ದು ಅವಳ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತಿರಬಹುದು ಎಂದು, "ಆ ಹಳೇ ಗ್ಲೌಸ್ ಆಗಿದ್ದರೆ ಸಿಕ್ಕಿರ್ತಿತ್ತು, ಅಲ್ವಾ?" ಎಂದೆ.

"ಸಿಕ್ಕಿರ್ತಿತ್ತಪ್ಪ," ಅಂದಳು. "ಆದ್ರೆ ಅದ್ರಲ್ಲಿ ಚೆಂಡು ಬಂದಿದ್ದೇ ಗೊತ್ತಾಗ್ತಿರಲಿಲ್ಲ."